ಗೋಡೆಯಾಚೆಯ ಟೀವಿ

ನಾನು ಇಂಗ್ಲೆಂಡಿಗೆ ಬಂದಿಳಿದ ಮೂರನೆಯ ವಾರ ಬಾಡಿಗೆ ಮನೆಯ ಬಾಗಿಲಿನ ಸೀಳಿನಿಂದ ಒಂದು ಲಕೋಟೆ ಒಳಗೆ ಬಿದ್ದಿತು. ಮೇಲೆ ನನ್ನ ಹೆಸರಿರಲಿಲ್ಲ, ಈ ಮನೆಯಲ್ಲಿ ವಾಸವಾಗಿರುವವರಿಗೆ ಎಂದಷ್ಟೇ ಇತ್ತು. ಆದರೂ ಈ ದೇಶದಲ್ಲಿ ನನಗೆ ಬಂದ ಮೊದಲ ಕಾಗದ. ಸಡಗರದಿಂದ ಒಡೆದು ನೋಡಿದರೆ, ಟೀವಿ ನೋಡುವುದಕ್ಕೆ ಲೈಸೆನ್ಸ್ ಪಡೆದಿದ್ದೀರಾ ಎಂದು ಕೇಳಿದ್ದರು. ಕೋವಿಗೆ ಲೈಸೆನ್ಸ್ ಬೇಕೆಂದು ಮಲೆನಾಡಿನವಳಾದ ನನಗೆ ಗೊತ್ತು. ಟೀವಿಗೂ ಬೇಕೇ? ತಮಾಷೆಯೆಂದರೆ ಆ ಮನೆಯಲ್ಲಿ ಟೀವಿಯೇ ಇರಲಿಲ್ಲ. ಇಲ್ಲದ ಟೀವಿಯ ಯೋಗಕ್ಷೇಮವನ್ನು ಇಷ್ಟು ಕಾಳಜಿಯಿಂದ ವಿಚಾರಿಸಿದ ಮೇಲೆ ಒಂದನ್ನು ಕೊಳ್ಳದಿದ್ದರೆ ಮರ್ಯಾದೆಯಲ್ಲ ಎನಿಸಿತು.

ನಮ್ಮೂರು ಸಾಗರಕ್ಕೆ ಫೋನ್ ಮಾಡಿ ನಗುನಗುತ್ತಾ ಹೇಳಿದೆ. ಅಪ್ಪ ನಗಲಿಲ್ಲ. “ನಮ್ಮಲ್ಲೂ ಇತ್ತಲ್ಲ. ನಿನ್ನ ಅಜ್ಜನ ರೇಡಿಯೋಕ್ಕೆ ವರ್ಷಾ ವರ್ಷಾ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ, ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದವನು ನಾನೇ” ಎಂದರು. ಬ್ರಿಟಿಷರು 1922ರಲ್ಲಿ ರೇಡಿಯೋಕ್ಕೆ ಆರಂಭಿಸಿ 1946ರಲ್ಲಿ ಟೀವಿಗೂ ಹಚ್ಚಿದ ಪದ್ಧತಿ ಅದು. ನಾವು ಎಂಬತ್ತರ ದಶಕದಲ್ಲಿ ಕೈಬಿಟ್ಟೆವು, ಕಲಿಸಿದವರು ಇನ್ನೂ ಬಿಟ್ಟಿಲ್ಲ. 2025ರ ಲೆಕ್ಕದಲ್ಲಿ ವರ್ಷಕ್ಕೆ 174 ಪೌಂಡ್ 50 ಪೆನ್ಸ್. ಆ ಹಣದಿಂದ ಬಿಬಿಸಿ ನಡೆಯುತ್ತದೆ, ಅದಕ್ಕಾಗಿಯೇ ಅದರಲ್ಲಿ ಜಾಹೀರಾತಿಲ್ಲ. ಸಾಬೂನಿನವರ ಕಾಟವಿಲ್ಲದೆ ಒಂದು ಇಡೀ ನಾಟಕವನ್ನು ನೋಡಿ ಮುಗಿಸಿದ ದಿನ ಏನೋ ಕಳೆದುಕೊಂಡಂತಾಯಿತು. ನಡುವೆ ಎದ್ದು ಅನ್ನಕ್ಕಿಡುವುದು ಯಾವಾಗ?

ಕಪ್ಪು ಬಿಳುಪು ಟೀವಿಯವರಿಗೆ ರಿಯಾಯಿತಿಯುಂಟು: ಅದೇ 2025ರ ಲೆಕ್ಕದಲ್ಲಿ 58 ಪೌಂಡ್ 50 ಪೆನ್ಸ್. ಅಂಥವರು ಇಂದಿಗೂ ಕೆಲವು ಸಾವಿರ ಮಂದಿ ಇದ್ದಾರೆ. ಅವರ ಮೇಲೆ ನನಗೆ ವಿಶೇಷ ಮಮತೆ. ಬಣ್ಣದ ಟೀವಿಯ ವೈಭವ ತೋರಿಸಲೆಂದೇ ಬಿಬಿಸಿ 1969ರಲ್ಲಿ ಬಣ್ಣಬಣ್ಣದ ಚೆಂಡುಗಳ ಸ್ನೂಕರ್ ಆಟದ ಒಂದು ಕಾರ್ಯಕ್ರಮ ಶುರುಮಾಡಿತಂತೆ. ಅದರ ವೀಕ್ಷಕ ವಿವರಣೆಕಾರರೊಬ್ಬರು ಒಮ್ಮೆ, ಕಪ್ಪು ಬಿಳುಪಿನಲ್ಲಿ ನೋಡುತ್ತಿರುವವರಿಗಾಗಿ ಹೇಳುತ್ತೇನೆ, ಗುಲಾಬಿ ಚೆಂಡು ಹಸಿರು ಚೆಂಡಿನ ಪಕ್ಕದಲ್ಲಿದೆ ಎಂದು ಪಿಸುಗುಟ್ಟಿದ್ದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಜನ ಇದನ್ನು ಹೇಳಿಕೊಂಡು ನಗುತ್ತಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ನಮ್ಮ ಮನೆಯ ಕಪ್ಪು ಬಿಳುಪು ಟೀವಿಯ ಮುಂದೆ ಮೇಲೆ ನೀಲಿ, ಕೆಳಗೆ ಹಸಿರು ಇದ್ದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿದ್ದೆವು. ಆಕಾಶವೂ ಹುಲ್ಲೂ ತೋರಿದಾಗ ಸರಿಯಾಗಿತ್ತು. ಸುದ್ದಿ ಓದುವವರ ತಲೆ ನೀಲಿಯಾಗಿ, ಗಲ್ಲ ಹಸಿರಾಗಿ ಕಾಣುತ್ತಿತ್ತು. ಅದನ್ನು ಬಣ್ಣದ ಟೀವಿ ಎಂದೇ ನಂಬಿ ಬೆಳೆದವಳು ನಾನು.

ಇಲ್ಲಿಯ ಟೀವಿಯ ಬಗ್ಗೆ ನನ್ನನ್ನು ದಂಗುಬಡಿಸಿದ ಸಂಗತಿ ಮಾತ್ರ ಟೀವಿಯೊಳಗಿನದಲ್ಲ, ಚಹಾ ಕಾಯಿಸುವ ವಿದ್ಯುತ್ ಕೆಟಲ್‌ನದು. ಜನಪ್ರಿಯ ಧಾರಾವಾಹಿ ಮುಗಿದ ಕೂಡಲೇ ಅಥವಾ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಲಕ್ಷಾಂತರ ಜನ ಒಟ್ಟಿಗೆ ಎದ್ದು ಕೆಟಲ್‌ನ ಗುಂಡಿ ಒತ್ತುತ್ತಾರೆ. ಒಂದೊಂದು ಸುಮಾರು 3 ಕಿಲೋವ್ಯಾಟ್ ನುಂಗುವ ಪಾತ್ರೆ. 1990ರ ವಿಶ್ವಕಪ್ಪಿನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಯ ಎದುರು ಪೆನಾಲ್ಟಿಗಳಲ್ಲಿ ಸೋತಿತಲ್ಲ, ಆ ಕ್ಷಣದಲ್ಲಿ ಬೇಡಿಕೆ ಒಮ್ಮೆಲೇ 2,800 ಮೆಗಾವ್ಯಾಟ್ ಏರಿತಂತೆ. ನಮ್ಮ ಶರಾವತಿಯ ವಿದ್ಯುದಾಗಾರದ ಹತ್ತೂ ಯಂತ್ರಗಳು ಸೇರಿದರೆ 1,035. ಎರಡೂವರೆ ಶರಾವತಿಗೂ ಮಿಕ್ಕಿದ ವಿದ್ಯುತ್ತು ಒಂದು ಸೋಲಿನ ದುಃಖಕ್ಕೆ ಚಹಾ ಕಾಯಿಸಲು ಹೋಯಿತು! ಇದನ್ನು ನಿಭಾಯಿಸಲು ವಿದ್ಯುತ್ ಜಾಲದವರು ಟೀವಿ ಕಾರ್ಯಕ್ರಮಗಳ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ವೇಲ್ಸ್‌ನ ಡಿನಾರ್ವಿಗ್ ಎಂಬಲ್ಲಿ ಹಳೆಯ ಸ್ಲೇಟು ಗಣಿಯ ಬೆಟ್ಟದೊಳಗೆ 1984ರಲ್ಲಿ ತೆರೆದ ವಿದ್ಯುದಾಗಾರವಿದೆ. ರಾತ್ರಿ ನೀರನ್ನು ಮೇಲಿನ ಕೆರೆಗೆ ಏರಿಸಿಟ್ಟುಕೊಂಡು, ಬೇಕೆಂದಾಗ ಕೆಳಗೆ ಬಿಡುತ್ತಾರೆ. ಸಿದ್ಧವಾಗಿ ತಿರುಗುತ್ತಿರುವ ಟರ್ಬೈನುಗಳಾದರೆ 12 ಸೆಕೆಂಡಿನಲ್ಲಿ 1,320 ಮೆಗಾವ್ಯಾಟ್ ಕೊಡುತ್ತವೆ.

ಇದನ್ನು ಓದಿದ ದಿನ ನನಗೆ ನಿಜಕ್ಕೂ ಹೊಟ್ಟೆಯುರಿಯಿತು. ಲಿಂಗನಮಕ್ಕಿ ನಮ್ಮ ಮನೆಯ ಮಗ್ಗುಲಲ್ಲೇ ಇದ್ದಂತೆ. ಆ ನೀರಿನಡಿ ನೆಂಟರ ಗದ್ದೆ ತೋಟಗಳೇ ಇವೆ. ಆದರೆ 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರುವ ಹೊತ್ತಿಗೆ ಕರೆಂಟು ಇದ್ದರೆ ಅದು ರಾಮನ ದಯೆ. ನಮ್ಮಲ್ಲಿ ಟೀವಿ ಕರೆಂಟಿಗಾಗಿ ಕಾಯುತ್ತಿತ್ತು. ಇಲ್ಲಿ ಕರೆಂಟು ತುದಿಗಾಲಿನಲ್ಲಿ ನಿಂತು, ಧಾರಾವಾಹಿ ಯಾವಾಗ ಮುಗಿಯುತ್ತದೆಯೋ ಎಂದು ಟೀವಿಗಾಗಿ ಕಾಯುತ್ತದೆ. ಈಗ ಅವರವರು ಅವರವರಿಗೆ ಬೇಕಾದಾಗ ನೋಡುವ ಕಾಲವಾದ್ದರಿಂದ ಹಾಗೆ ಒಟ್ಟಿಗೆ ಏಳುವುದು ಕಡಿಮೆಯಾಗಿದೆ. ಪಾಪ, ಡಿನಾರ್ವಿಗ್‌ನವರಿಗೆ ಬೇಸರವಾಗುತ್ತಿರಬಹುದು.

ಒಟ್ಟಿಗೆ ಏಳುವ ಈ ಜನ ಒಬ್ಬರ ಮನೆಗೆ ಒಬ್ಬರು ಹೋಗುವುದೇ ಇಲ್ಲವಲ್ಲ ಎಂಬುದು ನನಗೆ ಬಹಳ ದಿನ ಒಗಟಾಗಿತ್ತು. ನಮ್ಮಲ್ಲಿ ಜಗಲಿಯವರೆಗೆ ಯಾರು ಬೇಕಾದರೂ ಬರಬಹುದು. ಬಂದವರು ಕವಳ ಹಾಕಿ, ಅಡಿಕೆ ಧಾರಣೆ ವಿಚಾರಿಸಿ ಹೋಗುತ್ತಾರೆ. ಇಲ್ಲಿ ಜಗಲಿಯೇ ಇಲ್ಲ. ಬೀದಿಯಿಂದ ನೇರ ಬಾಗಿಲು, ಆ ಬಾಗಿಲು ಸದಾ ಮುಚ್ಚಿರುತ್ತದೆ. ಪಕ್ಕದ ಮನೆಯ ಮುದುಕಿಯ ಹೆಸರು ತಿಳಿಯಲು ನನಗೆ ಏಳು ತಿಂಗಳು ಬೇಕಾಯಿತು. ಆದರೆ ಟೀವಿ ಹಚ್ಚಿದರೆ ಇಡೀ ದೇಶವೇ ಮನೆ ತೋರಿಸಲು ನಿಂತಿರುತ್ತದೆ. ‘ಎಸ್ಕೇಪ್ ಟು ದ ಕಂಟ್ರಿ’ ಎಂದು 2002ರಿಂದ ನಡೆಯುತ್ತಿರುವ ಕಾರ್ಯಕ್ರಮವೊಂದಿದೆ. ಪೇಟೆ ಸಾಕಾದ ದಂಪತಿ ಹಳ್ಳಿಗಾಡಿನಲ್ಲಿ ಮೂರು ಮನೆ ನೋಡುತ್ತಾರೆ. ಅಡುಗೆಮನೆಯಲ್ಲಿ ನಿಂತು ಅಬ್ಬಾ ಎನ್ನುತ್ತಾರೆ, ಬೆಲೆ ಊಹಿಸುತ್ತಾರೆ, ಬಹುಪಾಲು ಸಲ ಏನನ್ನೂ ಕೊಳ್ಳದೆ ಹೊರಡುತ್ತಾರೆ.

ಅಮ್ಮ ಮೂರು ತಿಂಗಳಿಗೆಂದು ಬಂದಾಗ ಮೊದಲು ಒಲಿದದ್ದು ಇದು. ಇಂಗ್ಲಿಷ್ ಅಷ್ಟಕ್ಕಷ್ಟೇ. ನಾಲ್ಕು ಕಂತು ನೋಡಿದ ಮೇಲೆ ತೀರ್ಪು ಕೊಟ್ಟರು. “ಇದು ಹೆಣ್ಣು ನೋಡುವ ಶಾಸ್ತ್ರ ಕಣೆ. ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಮನೆಗೆ ಹೋಗಿ ತಿಳಿಸುತ್ತೇವೆ ಎಂದರು.” ಆಮೇಲೆ ಆ ಕಾರ್ಯಕ್ರಮವನ್ನು ನಾನು ಬೇರೆ ರೀತಿಯಲ್ಲಿ ನೋಡಲು ಆಗಿಲ್ಲ. ಮೂರನೆಯ ಮನೆಗೆ ಕಾಲಿಡುವಾಗಲೇ, ಇದೂ ಒಪ್ಪಿಗೆಯಾಗುವುದಿಲ್ಲ, ಜಾತಕ ಕೂಡಿಬರಲಿಲ್ಲ ಎಂದು ಹೇಳುತ್ತಾರೆ ನೋಡು ಎಂದುಕೊಳ್ಳುತ್ತೇನೆ.

ಇನ್ನೊಂದು ‘ಗಾಗಲ್‌ಬಾಕ್ಸ್’. 2013ರಲ್ಲಿ ಚಾನೆಲ್ 4 ಶುರುಮಾಡಿದ್ದು. ಜನ ತಮ್ಮ ತಮ್ಮ ಸೋಫಾದಲ್ಲಿ ಕುಳಿತು ಟೀವಿ ನೋಡುವುದನ್ನು ನಾವು ನಮ್ಮ ಸೋಫಾದಲ್ಲಿ ಕುಳಿತು ಟೀವಿಯಲ್ಲಿ ನೋಡುವುದು, ಅಷ್ಟೇ. ಇದೆಂಥ ಸೋಮಾರಿತನದ ಪರಮಾವಧಿ ಎಂದು ನಾನು ಮೂಗುಮುರಿದಿದ್ದೆ. ಅಮ್ಮ ಮಾತ್ರ ಸೆರಗು ಹೊದ್ದು ಸರಿಯಾಗಿ ಕುಳಿತರು. “ನಿನ್ನ ಅಜ್ಜಿ ಇದನ್ನೇ ಅಲ್ಲವೇ ಮಾಡುತ್ತಿದ್ದುದು?” ಹೌದು! ರಾಮಾಯಣಕ್ಕೆಂದು ಕೇರಿಯ ನಲವತ್ತು ಜನ ನಮ್ಮ ನಡುಮನೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಅಣ್ಣ ಹೊರಗೆ ಆಂಟೆನಾ ಕಟ್ಟಿದ ಬಿದಿರಿನ ಗಳು ತಿರುಗಿಸುತ್ತಾ “ಬಂತಾ, ಬಂತಾ” ಎಂದು ಕೂಗುವನು. ಒಳಗೆ ಎಳ್ಳು ಚೆಲ್ಲಿದಂತಿದ್ದ ಪರದೆಯಲ್ಲಿ ರಾಮನೋ ಲಕ್ಷ್ಮಣನೋ ಯಾರೋ ಒಬ್ಬರು. ಅಜ್ಜಿಗೆ ಹಿಂದಿ ಬಾರದು, ಪೊರೆ ಬಂದ ಕಣ್ಣಿಗೆ ಪರದೆ ಕಾಣದು. ಟೀವಿಗೆ ಬೆನ್ನು ಹಾಕಿ ಕಂಬಕ್ಕೊರಗಿ ಕುಳಿತು ಜನರ ಮುಖ ನೋಡುತ್ತಿದ್ದರು. ಯಾರು ಅತ್ತರು, ಯಾರ ಸೊಸೆ ಬರಲಿಲ್ಲ, ಯಾರ ಮಗು ಯಾರ ಮಡಿಲಲ್ಲಿ ನಿದ್ದೆಹೋಯಿತು ಎಂಬುದೆಲ್ಲ ಊಟದ ಹೊತ್ತಿಗೆ ವರದಿಯಾಗುತ್ತಿತ್ತು. ಚಾನೆಲ್ 4ರವರು ಇಪ್ಪತ್ತಾರು ವರ್ಷ ತಡವಾಗಿ ಎಚ್ಚೆತ್ತರು.

ಅಮ್ಮ ಹೊರಡುವ ಹಿಂದಿನ ಸಂಜೆ ‘ಈಸ್ಟ್‌ಎಂಡರ್ಸ್’ ಹಚ್ಚಿದ್ದೆವು. 1985ರಿಂದ ಲಂಡನ್ನಿನ ಒಂದೇ ಚೌಕದಲ್ಲಿ ಜಗಳ ಕಾಯುತ್ತಿರುವ ಧಾರಾವಾಹಿ. ಅಮ್ಮನಿಗೆ ಭಾಷೆ ಅಡ್ಡ ಬರಲೇ ಇಲ್ಲ, “ಅವಳು ಸುಳ್ಳು ಹೇಳುತ್ತಿದ್ದಾಳೆ” ಎಂದು ನನಗಿಂತ ಮೊದಲು ಕಂಡುಹಿಡಿದರು. ಕೊನೆಗೆ ಒಬ್ಬಳ ಮುಖ ದೊಡ್ಡದಾಗಿ ತೋರಿಸಿ ಧಡಧಡನೆ ಡ್ರಮ್ಮು ಬಡಿದರು. ಅದೇ ಡ್ರಮ್ಮು ಗೋಡೆಯಾಚೆಯಿಂದಲೂ, ಒಂದು ಗಳಿಗೆ ತಡವಾಗಿ ಕೇಳಿಸಿತು. ಆಮೇಲೆ ಆ ಕಡೆ ಕುರ್ಚಿ ಸರಿದ ಸದ್ದು, ನಿಧಾನವಾದ ಹೆಜ್ಜೆ, ನಲ್ಲಿ ಬಿಟ್ಟ ಸದ್ದು.

“ಅವರೂ ಇಟ್ಟರು” ಎಂದು ಅಮ್ಮ ಕಾಫಿಗೆ ನೀರಿಡಲು ಎದ್ದರು.