ಕೋಚ್ ಹೋದರೆ ಬಡ್ತಿ, ಹುಡುಗ ಹೋದರೆ ದ್ರೋಹವೇ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹುಡುಗನೊಬ್ಬ ತಂಡ ಬದಲಿಸಿದರೆ ಸಾಕು, ‘ದುಡ್ಡಿನ ಹಿಂದೆ ಬಿದ್ದ, ನಿಯತ್ತಿಲ್ಲ’ ಅಂತ ಬೈಗುಳ ಶುರು. 2021ರ ನವೆಂಬರ್‌ನಲ್ಲಿ ಕೋಚ್ ಲಿಂಕನ್ ರೈಲಿ ಒಕ್ಲಹೋಮ ವಿಶ್ವವಿದ್ಯಾಲಯ ಬಿಟ್ಟು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರ ಕೈಕೆಳಗೆ ಆಡುತ್ತಿದ್ದ ಕ್ಯಾಲೆಬ್ ವಿಲಿಯಮ್ಸ್ ಹಿಂದೆಯೇ ಹೋದ, ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು 2022ರಲ್ಲಿ ಗೆದ್ದ. ಅವನು ಯಾರಿಗೆ ನಿಯತ್ತಾಗಿರಬೇಕಿತ್ತು, ಹೇಳಿ?

ಮೊದಲು ಕಾಲೇಜು ಬದಲಿಸಿದವರು ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಸಿಕ್ಕಿತು, 2024ರಿಂದ ಓದು ಸರಿಯಿದ್ದರೆ ಎಷ್ಟು ಸಲವಾದರೂ ಹೋಗಬಹುದು. ತಮ್ಮ ಹೆಸರು, ಮುಖವನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸುವ ಹಕ್ಕು ಬಂದಿದ್ದು 2021ರ ಜುಲೈ 1ಕ್ಕೆ. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಆಟಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್.

ಈ ಹಕ್ಕು ನ್ಯಾಯವಾದದ್ದೇ. ಆದರೆ ಹುಡುಗರು ಎಡವುವುದು ದುಡ್ಡಿನಲ್ಲಿ ಅಲ್ಲ, ಕ್ರೆಡಿಟ್‌ಗಳಲ್ಲಿ, ಅಂದರೆ ಪಾಸಾದ ವಿಷಯಗಳಿಗೆ ಸಿಗುವ ಲೆಕ್ಕದಲ್ಲಿ. ಆಡಬೇಕಾದರೆ ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಪದವಿಯ ಶೇ. 40, ನಾಲ್ಕನೇ ವರ್ಷಕ್ಕೆ ಶೇ. 60 ಮುಗಿದಿರಬೇಕು. 120 ಕ್ರೆಡಿಟ್‌ಗಳ ಪದವಿಗೆ ಶೇ. 40 ಅಂದರೆ 48. ಎರಡು ವರ್ಷದಲ್ಲಿ 60 ಗಳಿಸಿದ್ದರೂ, ಹೊಸ ಕಾಲೇಜು ತನ್ನ ಪದವಿಗೆ 42 ಮಾತ್ರ ಲೆಕ್ಕಕ್ಕೆ ಹಿಡಿದರೆ ಆರು ಕಮ್ಮಿ. ಬೇಸಿಗೆಯಲ್ಲಿ ಓದಿ ತುಂಬಿಸದಿದ್ದರೆ ಮೈದಾನಕ್ಕಿಳಿಯುವಂತಿಲ್ಲ. ಆದ್ದರಿಂದ ಹೊಸ ಕಾಲೇಜಿಗೆ ಸಹಿ ಹಾಕುವ ಮೊದಲು ಯಾವ ವಿಷಯ ಸೇರುತ್ತದೆ, ಯಾವುದು ಬಿಡುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಕೋಚ್ ಬಾಯಿಮಾತು ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಗುಂಡಿ ಪೋರ್ಟಲ್, ಅಂದರೆ ಕಾಲೇಜು ಬದಲಿಸಬಯಸುವವರು ಹೆಸರು ಕೊಡುವ ಆನ್‌ಲೈನ್ ಪಟ್ಟಿ. ಅಲ್ಲಿ ಹೆಸರು ಬಿದ್ದ ಮೇಲೆ ಹಳೆಯ ಕಾಲೇಜು ಆ ಸೆಮಿಸ್ಟರ್ ಕೊನೆಗೆ ಸ್ಕಾಲರ್‌ಶಿಪ್ ನಿಲ್ಲಿಸಬಹುದು. ಬೇರೆಡೆ ಜಾಗ ಸಿಗದಿದ್ದರೆ ಎರಡೂ ಹೋದಂತೆ.

ಜಾಹೀರಾತಿನ ಹಣಕ್ಕೆ ಸಾಮಾನ್ಯವಾಗಿ ಮೊದಲೇ ತೆರಿಗೆ ಹಿಡಿದಿರುವುದಿಲ್ಲ. ಆದಾಯ ತೆರಿಗೆಯ ಮೇಲೆ ಸ್ವಯಂ ಉದ್ಯೋಗದ ತೆರಿಗೆ ಶೇ. 15.3 ಬೇರೆ, ಅದನ್ನೂ ವರ್ಷಕ್ಕೆ ನಾಲ್ಕು ಕಂತಿನಲ್ಲಿ ಕಟ್ಟಬೇಕು. ಬಂದ ದಿನವೇ ಮೂರನೇ ಒಂದು ಪಾಲು ಎತ್ತಿಡಿ. ನಮ್ಮಲ್ಲಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಟೆನಿಸ್‌ಗೋ ಈಜಿಗೋ ಹೋದ ಮಕ್ಕಳು ವಲಸೆ ವಕೀಲರನ್ನು ಕೇಳದೆ ದುಡ್ಡು ತರುವ ಒಂದು ಜಾಹೀರಾತು ಪೋಸ್ಟ್‌ಗೂ ಒಪ್ಪಬಾರದು. ಅನುಮತಿಯಿಲ್ಲದ ದುಡಿಮೆ ಎಂದಾದರೆ ಓದಿಗೇ ಸಂಚಕಾರ.

ನಿಯತ್ತು ಬೇಕೆನ್ನುವವರು ಅದನ್ನು ಕರಾರಿನಲ್ಲಿ ಬರೆಯಲಿ: ಹುಡುಗ ಮಧ್ಯದಲ್ಲಿ ಬಿಟ್ಟರೆ ಇಷ್ಟು ಪರಿಹಾರ, ಕೋಚ್ ಬಿಟ್ಟರೆ ಹುಡುಗನಿಗೆ ಪರಿಹಾರವಿಲ್ಲದೆ ಬಿಡುಗಡೆ, ಮೊಣಕಾಲು ಮುರಿದರೂ ಪದವಿ ಮುಗಿಯುವ ತನಕ ಸ್ಕಾಲರ್‌ಶಿಪ್.