ಸಹಿ ಬೇಕಾದರೆ ಮಾಜಿಗಳನ್ನೇ ಹಿಡಿಯಿರಿ

ರಾಜಕಾರಣಿಗಳು ಸಹಿ ಮಾಡಿದ ಕಾಗದ ಕೂಡಿಡುವ ಹುಚ್ಚು ನಿಮಗೂ ಇದ್ದರೆ ಕುರ್ಚಿ ಮೇಲಿರುವವರ ತಂಟೆಗೆ ಮಾತ್ರ ಹೋಗಬೇಡಿ. ಲೆಟರ್‌ಹೆಡ್ ಅವರದು, ಟೈಪಿಂಗ್ ಪಿಎದು, ಸಹಿ ಯಾರದೋ ದೇವರೇ ಬಲ್ಲ.

ನನ್ನ ಹತ್ತಿರ ಒಬ್ಬ ಸಚಿವರ ಎರಡು ಕಾಗದ ಇದ್ದವು. ಒಂದು ಯುಗಾದಿಯದು, ಇನ್ನೊಂದು ದೀಪಾವಳಿಯದು. ಎರಡರಲ್ಲೂ ನೀಲಿ ಶಾಯಿಯ ಸೊಗಸಾದ ಸಹಿ. ಇದೇ ಹುಚ್ಚಿನ ಸ್ನೇಹಿತರೊಬ್ಬರು ಮನೆಗೆ ಬಂದವರು ಕಾಫಿ ಲೋಟ ಕೆಳಗಿಟ್ಟು, ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿ ಬೆಳಕಿಗೆ ಹಿಡಿದರು. ಎರಡು ಸಹಿಯೂ ಕೂದಲೆಳೆಯಷ್ಟು ಆಚೀಚೆ ಇಲ್ಲದೆ ಒಂದರ ಮೇಲೊಂದು ಕೂತುಬಿಟ್ಟವು.

"ಮನುಷ್ಯ ಅಂದಮೇಲೆ ಎರಡು ಸಲ ಒಂದೇ ಥರ ಸಹಿ ಹಾಕಲ್ಲ ಸ್ವಾಮಿ. ಬ್ಯಾಂಕಿನವರನ್ನ ಕೇಳಿ ನೋಡಿ" ಅಂದರು. ಅಡುಗೆಮನೆಯಿಂದ ನನ್ನವಳು ನಕ್ಕಿದ್ದು ಹಾಲ್‌ಗೆ ಕೇಳಿಸಿತು.

ಅಮೆರಿಕದಲ್ಲಿ ಇದಕ್ಕೆ ಆಟೋಪೆನ್ ಅಂತ ಯಂತ್ರವೇ ಇದೆ. ನಿಜವಾದ ಪೆನ್ನು ಹಿಡಿದು ನಿಜವಾದ ಶಾಯಿಯಲ್ಲೇ ಗೀಚುತ್ತದೆ. ಅಲ್ಲಿ ಅಧ್ಯಕ್ಷರಾಗಿದ್ದ ಕೆನಡಿ ಇದನ್ನು ಎಷ್ಟು ಧಾರಾಳವಾಗಿ ಬಳಸಿದರು ಅಂದರೆ, ಅವರ ಸಹಿ ಕೊಳ್ಳುವವರಿಗೆ ಇವತ್ತಿಗೂ ತಲೆನೋವು. ಕೈಯ ಸಹಿಯಲ್ಲಿ ಒಂದು ಕಡೆ ಒತ್ತು ಜಾಸ್ತಿ, ಒಂದು ಕಡೆ ಕಮ್ಮಿ. ಯಂತ್ರದ್ದು ಮೊದಲಿಂದ ಕೊನೆತನಕ ಒಂದೇ ಸಮ.

ಕುರ್ಚಿಯಲ್ಲೇ ಕೂರದ ಗಾಂಧೀಜಿ ಲೆಕ್ಕವೇ ಬೇರೆ. ಸಹಿ ಕೇಳಿದವರಿಂದ ಹರಿಜನ ನಿಧಿಗೆ 5 ರೂಪಾಯಿ ವಸೂಲಿ ಮಾಡುತ್ತಿದ್ದರು, ಕೊಟ್ಟವರಿಗೆ ಅಪ್ಪಟ ಸಹಿ. ಬರೆಯೋದಕ್ಕೆ, ಯಾರಿಂದಲೋ ಬಂದ ಕಾಗದದ ಖಾಲಿ ಮಗ್ಗುಲು, ಹಳೇ ಲಕೋಟೆ, ಏನಾದರೂ ಆಗುತ್ತಿತ್ತು. ಅಂಥದ್ದು ನಮ್ಮ ಮನೆಗೆ ಬಂದಿದ್ದರೆ ಸೀದಾ ರದ್ದಿ ಪೇಪರಿನವನ ತಕ್ಕಡಿಗೆ. ಪುಣ್ಯಕ್ಕೆ ಅವರ ದಕ್ಷಿಣ ಆಫ್ರಿಕಾದ ಗೆಳೆಯ ಕಾಲೆನ್‌ಬಾಕ್ ಮನೆಯಲ್ಲಿ ರದ್ದಿ ಹಾಕುವವರು ಇರಲಿಲ್ಲ. 2012ರಲ್ಲಿ ಅಲ್ಲಿ ಉಳಿದಿದ್ದ ಕಾಗದಗಳು ಲಂಡನ್ನಿನಲ್ಲಿ ಹರಾಜಾಗುವ ಮುಂಚೆ ಭಾರತ ಸರ್ಕಾರವೇ ಕೊಂಡುಕೊಂಡಿತು.

ಅಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿ? ಹಾಗಾಗಿ ನಾನು ಮಾಜಿಗಳಿಗೇ ಗಂಟುಬಿದ್ದೆ. ಮಾಜಿ ಸಚಿವರೊಬ್ಬರಿಗೆ ಅವರ ಕಾಲದ ಒಂದು ಯೋಜನೆ ಹೊಗಳಿ ಕಾಗದ ಬರೆದೆ. ವಾರ ಕಳೆಯುವಷ್ಟರಲ್ಲಿ ಉತ್ತರ! ಇನ್‌ಲ್ಯಾಂಡ್ ಲೆಟರಿನ ಮಡಿಕೆಯನ್ನೂ ಬಿಡದೆ ಕೈಯಾರೆ ಬರೆದಿದ್ದರು. ಯೋಜನೆ ಬಗ್ಗೆ ಒಂದೇ ಸಾಲು. ಉಳಿದಿದ್ದೆಲ್ಲ ಮಂಡಿನೋವು, ಟಿಕೆಟ್ ತಪ್ಪಿಸಿದವರು, ಕೊನೆಗೆ ಅವರ ಮನೆ ಮುಂದಿನ ಬೀದಿದೀಪ. ಅದು ಉರೀತಿಲ್ಲವಂತೆ. "ತಮಗೆ ಪರಿಚಯದ ಇಂಜಿನಿಯರ್ ಯಾರಾದರೂ ಇದ್ದರೆ ಒಂದು ಮಾತು ಹೇಳಿ." ಒಂದು ಕಾಲದಲ್ಲಿ ಇಡೀ ಇಲಾಖೆ ನಡೆಸಿದ ಮನುಷ್ಯ ನನ್ನಿಂದ ಶಿಫಾರಸು ಕೇಳ್ತಿದ್ದಾರೆ! ಕೆಳಗೆ ಸ್ವಲ್ಪ ನಡುಗಿದ ಸಹಿ. ಬಂಗಾರ ಅಂದರೆ ಇದು.

ಆ ಬಂಗಾರ ಊರಿಂದ ಬಂದ ಭಾವಮೈದನ ಕಣ್ಣಿಗೆ ಬಿತ್ತು. ಆಧಾರ್ ಕಾರ್ಡಿಗೆ ಅಂತ ಜೆರಾಕ್ಸ್ ಅಂಗಡಿಗೆ ಹೋದವನು ಅದನ್ನೂ ಒಯ್ದಿದ್ದಾನೆ. "ಭಾವ, ಹಾಳಾಗಿಹೋಗ್ತಿತ್ತು ನೋಡಿ. ಲ್ಯಾಮಿನೇಷನ್ ಮಾಡಿಸಿಬಿಟ್ಟೆ!" ಬಿಸಿ ಅಂಟು ಕುಡಿದ ಕಾಗದ ಇನ್ನು ಪ್ಲಾಸ್ಟಿಕ್ ಬಿಟ್ಟು ಬರಲ್ಲ. ಸಂಗ್ರಹಕಾರರ ಲೆಕ್ಕದಲ್ಲಿ ಅದು ಸತ್ತಂತೆ. ಮೂಲೆಯಲ್ಲಿ ತೂತು ಬೇರೆ ಹೊಡೆಸಿದ್ದ, ಮೊಳೆಗೆ ನೇತುಹಾಕೋಕೆ. "ಮೂವತ್ತು ರೂಪಾಯಿ ಆಯ್ತು, ಇರಲಿ ಬಿಡಿ" ಅಂತ ಔದಾರ್ಯ ತೋರಿಸಿದ. ಹೆಂಡತಿಯ ತಮ್ಮನಿಗೆ ಏನಂತ ಬೈಯೋದು?

ಮೊನ್ನೆ ಅದೇ ಮಾಜಿಗಳಿಂದ ಇನ್ನೊಂದು ಕಾಗದ ಬಂತು. ದೀಪ ಇನ್ನೂ ಬಂದಿಲ್ಲವಂತೆ, ನಮ್ಮಂಥವರನ್ನು ನಂಬಿದ್ದೇ ತಪ್ಪಾಯಿತಂತೆ. ಸಿಟ್ಟಿನಲ್ಲಿ ಎಷ್ಟು ಒತ್ತಿ ಸಹಿ ಹಾಕಿದ್ದಾರೆ ಅಂದರೆ ಹಿಂದಿನ ಮಗ್ಗುಲಿಗೂ ಮೂಡಿದೆ. ಯಾವ ಆಟೋಪೆನ್ನಿಗೂ ಇದು ಸಾಧ್ಯವಿಲ್ಲ. ದೀಪದ ವಿಷಯ ಯಾರಿಗೂ ಹೇಳದೆ ಇನ್ನೊಂದು ತಿಂಗಳು ಸುಮ್ನಿದ್ದರೆ ಮೂರನೆಯದೂ ಬರಬಹುದು.