ಬಾಗಲಕೋಟೆಯ ಮಾಹಿತಿಗೂ ಬಿಜಾಪುರ ಗ್ಯಾಸೆಟಿಯರ್ ತೆಗೆಯಿರಿ

ಪ್ರಾಜೆಕ್ಟಿಗೆ ಮೊಬೈಲ್ ಬಿಡಿಸಿ, ಶಾಲೆಯ ಗ್ರಂಥಾಲಯಕ್ಕೆ ಕಳಿಸಿ ಅಂತ ಒಂದು ಲೇಖನದಲ್ಲಿ ಓದಿದೆ. ಒಪ್ಪಿದೆ. ಕಳಿಸಿದ ಮೇಲೆ ಹುಡುಗರು ಎಲ್ಲಿ ಸಿಕ್ಕಿಬೀಳ್ತಾರೆ ಅನ್ನೋದು ಮಾತ್ರ ಬಂದಿಲ್ಲ.

ಪುಸ್ತಕದೊಳಗೆ ಸೀಲಿನ ಪಕ್ಕ ಇರೋದು ದಾಖಲಾತಿ ಸಂಖ್ಯೆ, ರಿಜಿಸ್ಟರಿಗೆ ಏರಿದ ಕ್ರಮ ಅಷ್ಟೇ. ಅದನ್ನ ಬರ್ಕೊಂಡು ಕಪಾಟು ಹುಡುಕಿದರೆ ಏನೂ ಸಿಗಲ್ಲ. ಜಾಗ ಹೇಳೋದು ಬೆನ್ನಿನ ಮೇಲಿನ ಚೀಟಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇರುವಲ್ಲಿ ಭಾರತದ ಇತಿಹಾಸ 954, ವಾಸ್ತುಶಿಲ್ಪ 720. ಗೋಳಗುಮ್ಮಟದ ಪ್ರಾಜೆಕ್ಟಿಗೆ ಎರಡನ್ನೂ ನೋಡಬೇಕು: ಅದನ್ನ ಕಟ್ಟಿಸಿದ ಆದಿಲ್‌ಶಾಹಿಗಳು ಒಂದು ಕಡೆ, ಗುಮ್ಮಟ ಹೊತ್ತ ಕಮಾನುಗಳು ಇನ್ನೊಂದು ಕಡೆ.

ದೊಡ್ಡ ತೊಡಕು ನಮ್ಮ ಭಾಗದ್ದೇ. ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಬಿಜಾಪುರ ವಿಜಯಪುರ ಆಗಿದ್ದು 2014ರಲ್ಲಿ. ಹಾಗಾಗಿ ಹಳೆಯ ಗ್ಯಾಸೆಟಿಯರಿನಲ್ಲಿ (ಜಿಲ್ಲೆಯ ಪೂರ್ತಿ ಮಾಹಿತಿ ಇರೋ ಸರ್ಕಾರಿ ಪುಸ್ತಕ) ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲ 'ಬಿಜಾಪುರ ಜಿಲ್ಲೆ'ಯೊಳಗೇ ಇವೆ. ಮೊದಲ ಪುಟದಿಂದ ಓದೋದು ಬೇಡ, ಕೊನೆಯ ಪದಸೂಚಿಯಲ್ಲಿ ಊರಿನ ಹೆಸರು ಹುಡುಕಿ. ಒಂದು ಎಚ್ಚರಿಕೆ: ಅಲ್ಲಿನ ಜನಸಂಖ್ಯೆ, ವಿಸ್ತೀರ್ಣ ಅಖಂಡ ಜಿಲ್ಲೆಯದ್ದು. ಅದನ್ನ ಈಗಿನ ವಿಜಯಪುರದ ಅಂಕಿಯ ಪಕ್ಕ ಇಟ್ಟು 'ಜನಸಂಖ್ಯೆ ಇಳಿದಿದೆ' ಅಂತ ಬರೆದರೆ ಪ್ರಾಜೆಕ್ಟೇ ಕೆಟ್ಟಿತು.

ಗ್ಯಾಸೆಟಿಯರ್, ವಿಶ್ವಕೋಶಗಳನ್ನ ಸಾಮಾನ್ಯವಾಗಿ ಮನೆಗೆ ಕೊಡಲ್ಲ. ಅಲ್ಲೇ ಕೂತು ಒಂದು ವಿಷಯಕ್ಕೆ ಒಂದು ಚೀಟಿ ಮಾಡಿ, ಅದರ ತಲೆಯ ಮೇಲೆ ಲೇಖಕ, ಪುಸ್ತಕ, ಪ್ರಕಾಶಕ, ವರ್ಷ, ಪುಟ ಮೊದಲೇ ಬರೀಬೇಕು. ಪುಟ ಸಂಖ್ಯೆ ಬಿಟ್ಟರೆ ಅದೇ ಸಾಲು ಮತ್ತೆ ಹುಡುಕೋಕೆ ಒಂದು ಪಿರಿಯಡ್ ಹೋಗುತ್ತೆ. ಮತ್ತೆ, ಕಪಾಟಿನ ಕೀಲಿ ಯಾವ ಮಾಸ್ತರ ಹತ್ತಿರ ಇದೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ!